ಹೆರಿಗೆ: ಸೊನ್ನೆ

ಆಸ್ಪತ್ರೆಯ ವಿಮಾ ಕೌಂಟರಿನ ಗುಮಾಸ್ತ ಕೇಸ್ ಪೇಪರಿನಲ್ಲಿದ್ದ ಸೊನ್ನೆಯ ಮೇಲೆ ಪೆನ್ನಿನ ತುದಿ ಇಟ್ಟ. "ಹೆರಿಗೆಯೇ ಆಗಿಲ್ಲ ಅಂತ ಡಾಕ್ಟರು ಬರೆದಿದ್ದಾರೆ. ನಿಮ್ಮ ಕಂಪನಿಯ ವಿಮೆಯಲ್ಲಿ ಇವರು ನಿಮ್ಮ ತಾಯಿ. ಹೇಗೆ?" ಎಂದು ಪ್ರಲ್ಹಾದನನ್ನು ಮರಾಠಿಯಲ್ಲಿ ಕೇಳಿದ.

ಪ್ರಲ್ಹಾದನ ತೋಳು ಹಿಡಿದು ನಿಂತಿದ್ದ ಇಂದೂಬಾಯಿಗೆ ಗಾಬರಿಯಾಯಿತು. ಧಾರವಾಡದ ಬಸ್ಸಿಳಿದು ಸ್ವಾರಗೇಟ ನಿಲ್ದಾಣದಿಂದ ಇಲ್ಲಿಗೆ ಬರುವಾಗ ರಿಕ್ಷಾದಲ್ಲಿ ಅವನು ಹೇಳಿಕೊಟ್ಟಿದ್ದ: ವಿಮೆಯಲ್ಲಿ ತಾಯಿಗೆ ಜಾಗವಿದೆ, ಚಿಕ್ಕಪ್ಪನ ಹೆಂಡತಿಗಿಲ್ಲ, ಯಾರು ಕೇಳಿದರೂ ಮಗ ಅನ್ನಬೇಕು. ಅವಳು ಹೂಂ ಅಂದಿದ್ದಳು. ಆದರೆ ಗರ್ಭಕೋಶದ ಗಡ್ಡೆ ಪರೀಕ್ಷಿಸುತ್ತ ಡಾಕ್ಟರಮ್ಮ ಹೆರಿಗೆ ಎಷ್ಟು ಅಂದಾಗ, ಮದುವೆಯಾದಂದಿನಿಂದ ಊರವರಿಗೆಲ್ಲ ಕೊಡುತ್ತ ಬಂದ ಉತ್ತರವೇ ಬಾಯಿಗೆ ಬಂದಿತ್ತು.

"ಇಂವ ನನ್ನ ಮಗಾನ ರೀ," ಎಂದಳು ಗುಮಾಸ್ತನಿಗೆ, ಕನ್ನಡದಲ್ಲೇ; ಮರಾಠಿ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. "ಹಡದಾಕಿ ಸತ್ತಾಗ ಮೂರು ವರ್ಷದಂವ ಇದ್ದ. ಆವತ್ತಿಂದ ನನಗ ಅವ್ವಾ ಅಂತಾನ. ಕೇಳ್ರಿ ಬೇಕಾದ್ರ."

ಗುಮಾಸ್ತನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವನು ಪ್ರಲ್ಹಾದನ ಕಡೆಗೇ ತಿರುಗಿದ. "ಸುಳ್ಳು ಅಂತ ಗೊತ್ತಾದರೆ ಕಂಪನಿಗೆ ಬರೆಯಬೇಕಾಗುತ್ತದೆ. ನೌಕರಿಗೇ ಕುತ್ತು ಬರುತ್ತದೆ. ನಿಜ ಹೇಳಿ, ಇವರು ನಿಮಗೆ ಏನಾಗಬೇಕು?"

ಪ್ರಲ್ಹಾದ ಆ ಸೊನ್ನೆಯನ್ನೇ ನೋಡುತ್ತಿದ್ದ. ಇಂದೂಬಾಯಿ ಅವನ ಮುಖವನ್ನು ನೋಡುತ್ತಿದ್ದಳು.

"ಕಾಕೂ," ಎಂದ.

ಚಿಕ್ಕಪ್ಪನ ಹೆಂಡತಿಗೆ ಮರಾಠಿಯಲ್ಲೂ ಧಾರವಾಡದಲ್ಲೂ ಅದು ಒಂದೇ ಶಬ್ದ. ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ತೋಳಿನ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿದು, ಕೌಂಟರಿನ ಅಂಚನ್ನು ಹಿಡಿದುಕೊಂಡಿತು.