ಲಿಂಬೆ ಉಜ್ಜಿದ ಕೈ

ಸಂದರ್ಶನಕ್ಕೆ ಹೊರಡುವ ಮುಂಚೆ ವನಿತಾ ಮೂರು ಸಲ ಲಿಂಬೆ ಉಜ್ಜಿ ಕೈ ತೊಳೆದಿದ್ದಳು. ಅಮ್ಮ ಮಾರುವ ಒಣಮೀನಿನ ವಾಸನೆ ಕೊರಿಯಾದ ಟೀವಿ ಕಂಪನಿಯ ಶೋರೂಮಿನವರೆಗೆ ಬರಬಾರದಿತ್ತು. ಅರ್ಜಿಯಲ್ಲಿ ತಾಯಿಯ ಉದ್ಯೋಗ ‘ಗೃಹಿಣಿ’ ಎಂದು ಬರೆದಿದ್ದಳು.

ಸಂದರ್ಶನದ ನಡುವೆ ಮ್ಯಾನೇಜರು ಮೇಜಿನ ಮೇಲೆ ಕಾಗದದ ಪೊಟ್ಟಣವೊಂದನ್ನು ಇಟ್ಟರು. ಒಣಮೀನಿನ ವಾಸನೆ ಕೋಣೆ ತುಂಬಿತು.

“ಬುಟ್ಟಿ ಹೊತ್ತ ಹೆಂಗಸೊಬ್ರು ವನಿತಾಗೆ ಕೊಡಿ ಅಂತ ಗೇಟಲ್ಲಿ ಕೊಟ್ಟು ಹೋದ್ರು. ನಿಮ್ಮ ತಾಯಿಯಾ?”

ವನಿತಾ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು.

“ಅಲ್ಲ ಸರ್. ಯಾರೋ ಮೀನು ಮಾರುವವಳು ಇರ್ಬೇಕು. ಹೊರಗೆ ಬಿಸಾಡಿ ಸರ್, ಶೋರೂಮೆಲ್ಲ ನಾರ್ತದೆ.”

“ಬಿಸಾಡುವುದಾ? ನಮ್ಮ ಕಂಪನಿ ಶುರುವಾದದ್ದೇ ಒಣಮೀನು ಮಾರಿ,” ಎನ್ನುತ್ತ ಅವರು ಎದ್ದು, ಪೊಟ್ಟಣವನ್ನು ಸಂಸ್ಥಾಪಕರ ಫೋಟೋದ ಮುಂದೆ, ಊದುಬತ್ತಿಯ ಪಕ್ಕದಲ್ಲಿ ಇಟ್ಟರು.