ಇದ್ದ ಬಣ್ಣ

ನಾಲ್ಕು ವರ್ಷದಿಂದ ಪಂಕಜಮ್ಮ ಸದಾನಂದನ ಫೋಟೋ ಸ್ಟುಡಿಯೋಗೆ ಬರುತ್ತಿದ್ದುದು ಒಂದೇ ಕೆಲಸಕ್ಕೆ. ಮಗಳಿಗೆ ಬಂದ ಸಂಬಂಧ ತಪ್ಪಿದಾಗಲೆಲ್ಲ ಕಂಪ್ಯೂಟರಿನಲ್ಲಿದ್ದ ಅವಳ ಅದೇ ಹಳೇ ಫೋಟೋ ತೆರೆಸಿ, "ಇನ್ನೊಂಚೂರು ಬೆಳ್ಳಗೆ ಮಾಡಪ್ಪ" ಅನ್ನುತ್ತಿದ್ದರು. ಹಾಗಾಗಿ ಅಂದು ಅವರು ಒಳಗೆ ಕಾಲಿಟ್ಟ ಕೂಡಲೇ ಸದಾನಂದ, ಕೆಲಸ ಕಲಿಯಲು ಬರುತ್ತಿದ್ದ ರೇವತಿಗೆ ಹೇಳಿದ: "ಇವರ ಮಗಳ ಫೋಟೋ ಓಪನ್ ಮಾಡು. ಮುಖದ ಬಣ್ಣ ಹೇಗೆ ತಿಳಿ ಮಾಡೋದು ತೋರಿಸ್ತೀನಿ."

"ಬೇಡಪ್ಪ. ಇದ್ದ ಬಣ್ಣಕ್ಕೇ ತಂದುಬಿಡು," ಎಂದರು ಪಂಕಜಮ್ಮ.

ಸದಾನಂದ ಪೆಚ್ಚಾದ. ಪ್ರತಿಸಲವೂ ಬೆಳ್ಳಗೆ ಮಾಡಿದ್ದನ್ನೇ ಮತ್ತಷ್ಟು ಬೆಳ್ಳಗೆ ಮಾಡಿ, ಅದರ ಮೇಲೇ ಸೇವ್ ಮಾಡುತ್ತ ಬಂದಿದ್ದ.

"ಮೊದಲಿನದು ಉಳಿದಿಲ್ಲಮ್ಮ. ಒಂದ್ಸಲ ಅವಳನ್ನೇ ಕರ್ಕೊಂಡು ಬನ್ನಿ, ಹೊಸದಾಗಿ ತೆಗೆದುಕೊಡ್ತೀನಿ."

ಪಂಕಜಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ, ಮುಂಗೈಯನ್ನು ಕಂಪ್ಯೂಟರ್ ಪರದೆಯ ಪಕ್ಕಕ್ಕೆ ಹಿಡಿದರು. "ಇದನ್ನ ನೋಡ್ಕೊಂಡು ಮಾಡು. ಅವಳದೂ ಇದೇ ಬಣ್ಣ."

"ಬೆಳಕು ಇಳಿಸು ರೇವತಿ. ಕೆಂಪು ಸ್ವಲ್ಪ, ಹಳದಿ ಸ್ವಲ್ಪ ಏರಿಸು. ಕೈ ನೋಡು, ಪರದೆ ನೋಡು."

ಸುಣ್ಣ ಬಳಿದಂತಿದ್ದ ಮುಖಕ್ಕೆ ಮೆಲ್ಲಗೆ ಕಳೆ ಬಂತು. ಕೆನ್ನೆಯ ಮೇಲೆ, ಅವನು ಎಂದೋ ಮರೆತಿದ್ದ ಒಂದು ಮಚ್ಚೆಯೂ ಎದ್ದು ಕಂಡಿತು. ಸದಾನಂದನಿಗೆ ಖುಷಿಯಾಯಿತು.

"ಅಂತೂ ಇರೋ ಬಣ್ಣಾನೇ ಒಪ್ಪೋ ಗಂಡು ಸಿಕ್ಕಿದ ಅನ್ನಿ!"

ಪಂಕಜಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಾಳೆ ಅವಳ ತಿಥಿ. ಹಾರನಾದ್ರೂ ಅವಳಿಗೇ ಹಾಕೋಣ ಅಂತ ಕಣಪ್ಪ."