ಎತ್ತಿಕೊಳ್ಳುವ ಹಾಗಿಲ್ಲ

ಕೌದಳ್ಳಿ ದಾಟಿ ಬೆಟ್ಟದ ರಸ್ತೆಗೆ ಬಿದ್ದು ಸ್ವಲ್ಪ ದೂರವಾಗಿತ್ತು. ಐದು ವರ್ಷದ ಇಂಚರ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. "ಅಪ್ಪಾ, ಎತ್ಕೋ" ಎಂದು ಎರಡೂ ಕೈ ಚಾಚಿದಳು. ಅಪ್ಪ ಶಿವಕುಮಾರಸ್ವಾಮಿ ಎತ್ತಿಕೊಂಡದ್ದು ಮೊಬೈಲನ್ನು. ಮಗಳ ಕಣ್ಣೀರು ಕಾಣದ ಹಾಗೆ, ಹಿಂದಿನ ಬೆಟ್ಟ ಚೆನ್ನಾಗಿ ಕಾಣುವ ಹಾಗೆ ಹಿಡಿದು, "ಏಳು ಪುಟ್ಟಾ, ಇದೆಲ್ಲ ನಿಮ್ಮ ಆರೋಗ್ಯಕ್ಕೇ" ಎಂದ.

ಪುಣ್ಯಾತ್ಮ ಕೊಳ್ಳೇಗಾಲದ ಬ್ಯಾಂಕಿನಲ್ಲಿ ವಾರವೆಲ್ಲ ಕುರ್ಚಿ ಬಿಟ್ಟು ಏಳುವವನಲ್ಲ. ಆ ಪಾಪವನ್ನು ಭಾನುವಾರ ಹೆಂಡತಿ ಮಕ್ಕಳ ಕಾಲಿನಿಂದ ತೊಳೆಯುವುದು ಅವನ ಪದ್ಧತಿ. ಇವನಂಥವರೇ ಕೆಲವರು ಸೇರಿ, ಭಾನುವಾರ ಸಂಸಾರ ಸಮೇತ ನಡೆದ ಫೋಟೊ ಹಾಕಲೆಂದು ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ಮಕ್ಕಳು ತಮ್ಮ ಕಾಲಲ್ಲೇ ನಡೆಯಬೇಕು, ಎತ್ತಿಕೊಂಡರೆ ಆ ಭಾನುವಾರ ಲೆಕ್ಕಕ್ಕಿಲ್ಲ ಎಂಬ ಕಟ್ಟಳೆ ಇವನೇ ಮಾಡಿದ್ದು. ಹೋದ ವಾರ ಯಳಂದೂರಿನ ಕಡೆ ನಡೆಯಲು ಹೋದ ಸದಾಶಿವಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡ ಫೋಟೊ ಸಿಕ್ಕಿ, ಗುಂಪಿನಲ್ಲಿ ಅವನಿಗೆ ಇವನು ಕೊಟ್ಟ ಉಪದೇಶ ಒಂದು ಪುಟ ಇತ್ತು. ಈಗ ತಾನೇ ಎತ್ತಿಕೊಂಡರೆ ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ನಗದೆ ಬಿಡುತ್ತಾರೆಯೇ?

ಬೆನ್ನಿಗೆ ಇಡೀ ಸಂಸಾರದ ನೀರು, ತಿಂಡಿ ಹೊತ್ತಿದ್ದ ಹೆಂಡತಿ ಶಿವರಂಜನಿ, ತಾನೇ ಎತ್ತಿಕೊಳ್ಳುತ್ತೇನೆಂದು ಚೀಲ ಇಳಿಸಿದಳು. ಎಂಟು ವರ್ಷದ ಮಗ ಧನ್ವಿತ್ ಅಪ್ಪನ ತರಬೇತಿಯಲ್ಲಿ ಪಳಗಿದವನು, "ಅಮ್ಮಾ, ಎತ್ತಿದ್ರೆ ಔಟ್" ಎಂದು ಎಚ್ಚರಿಸಿದ. ಆ ತಿರುವಿನವರೆಗೆ ಮಾತ್ರ, ಅಲ್ಲಿಂದ ಕೌದಳ್ಳಿಗೆ ವಾಪಸು ಹೋಗಿ ಕಾರು ಹತ್ತೋಣ ಎಂದು ಶಿವಕುಮಾರಸ್ವಾಮಿ ಮಗಳನ್ನು ಗೋಗರೆಯತೊಡಗಿದ. ಇಂಚರ ದನಿ ಏರಿಸಿದಳು.

ಅಮಾವಾಸ್ಯೆ ಹತ್ತಿರವಾಗಿತ್ತು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಬರಿಗಾಲಲ್ಲಿ ಹೋಗುವವರಿಗೆಂದು ಮುದುಕಿ ರಾಚಮ್ಮ ಅಲ್ಲೇ ಚಪ್ಪರ ಹಾಕಿ ಮಜ್ಜಿಗೆ ಕೊಡುತ್ತಿದ್ದಳು. ಅಳು ಕೇಳಿ ಚೊಂಬು ಹಿಡಿದೇ ಬಂದಳು.

"ಯಾಕಪ್ಪಾ, ಕೂಸು ಇಷ್ಟೊಂದ್ ಅಳ್ತಾದ, ಎತ್ಗಬಾರ್ದಾ?"

"ಎತ್ತಿಕೊಳ್ಳೋ ಹಾಗಿಲ್ಲಮ್ಮ. ನಡೆದೇ ಹೋಗ್ಬೇಕು."

"ಅರಕೆಯಾ?"

ವಾಟ್ಸಾಪು, ಗುಂಪು, ಸದಾಶಿವಪ್ಪ ಎಂದೆಲ್ಲ ಈ ಮುದುಕಿಗೆ ಬಿಡಿಸಿ ಹೇಳುವವರು ಯಾರು? ಶಿವಕುಮಾರಸ್ವಾಮಿ ಸುಮ್ಮನೆ "ಹೂಂ" ಎಂದುಬಿಟ್ಟ.

ಆ ಒಂದು ಹೂಂ ಸಾಕಾಯಿತು. ರಾಚಮ್ಮ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಇಂಚರಳ ಹಣೆಗೆ ಬಳಿದಳು. ಚಪ್ಪರದಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಪಾದಯಾತ್ರಿಗಳು ಎದ್ದು ಬಂದರು. ಅವರ ಪೈಕಿ ಹಿರಿಯ ಪುಟ್ಟಸಿದ್ದಯ್ಯ, ಇಷ್ಟು ಎಳೆಯ ಪಾದ ಹರಕೆ ತೀರಿಸುವುದನ್ನು ತಾನು ಕಂಡೇ ಇಲ್ಲವೆಂದು ಮಗುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಇಂಚರ ಗಾಬರಿಯಲ್ಲಿ ಅಳು ನಿಲ್ಲಿಸಿದಳು. ಶಿವಕುಮಾರಸ್ವಾಮಿ ಮೆಲ್ಲಗೆ, ಇನ್ನು ನಾವು ಕೌದಳ್ಳಿಗೆ ಹೊರಡುತ್ತೇವೆ ಎಂದ. ಹರಕೆಗೆಂದು ಇಟ್ಟ ಹೆಜ್ಜೆ ಹಿಂದಕ್ಕಿಡುವುದುಂಟೇ, ಮನೆಗೆ ಒಳ್ಳೆಯದಾದೀತೇ ಎಂದು ಎಲ್ಲರೂ ಒಟ್ಟಿಗೆ ತಡೆದರು.

ರಾಚಮ್ಮ ಶಿವರಂಜನಿಯ ಕಡೆ ತಿರುಗಿದಳು. "ಯಾರ್ಗೆ ಉಸಾರಿರ್ನಿಲ್ಲ ಮಗ?"

ಶಿವರಂಜನಿ ಎಷ್ಟೋ ಭಾನುವಾರಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದು. "ಇವರಿಗೇ ಕಣಮ್ಮ. ತಲೇಲಿ ತೊಂದರೆ. ಭಾನುವಾರ ಬಂದ್ರೆ ಜಾಸ್ತಿಯಾಗುತ್ತೆ."

ಪಾದಯಾತ್ರಿಗಳ ಕಣ್ಣೆಲ್ಲ ಶಿವಕುಮಾರಸ್ವಾಮಿಯ ತಲೆಯ ಮೇಲೆ ನೆಟ್ಟಿತು. ನೋಡಲು ಚೆನ್ನಾಗೇ ಇದ್ದಾನಲ್ಲ ಎಂದು ಒಬ್ಬ ಮರುಗಿದ. ರಾಚಮ್ಮನಿಗೆ ಮಾತ್ರ ಸಿಟ್ಟು ಬಂತು.

"ಕಾಯ್ಲೆ ನಿಂದು, ನಡೆಯಾಕೆ ಕೂಸಿನ್ ಕಾಲಾ? ಯಾವ್ ನ್ಯಾಯ್ವಪ್ಪ ಇದು? ಅರಕೆ ಯಾರ್ದೋ ಅವ್ರು ಒರ್ಬೇಕು. ಮೆಟ್ಟು ಬಿಚ್ಚು."

ಸಾಲ ಮಂಜೂರು ಮಾಡುವಾಗ ಎದುರಿನವರನ್ನು ನಿಲ್ಲಿಸಿಯೇ ಮಾತಾಡಿಸುವ ಸಾಹೇಬ ರಸ್ತೆ ಬದಿಯಲ್ಲೇ ಕೂತು ಶೂ ಬಿಚ್ಚಿದ. ನುಣುಪು ಬಂಡೆಯ ಮೇಲೂ ಜಾರದ, ಆನ್‌ಲೈನಿನಲ್ಲಿ ತರಿಸಿದ ಶೂ. ಅದನ್ನು ಧನ್ವಿತ್‌ನ ಕೊರಳಿಗೆ ನೇತುಹಾಕಿದರು. ಇಂಚರಳನ್ನು ಪುಟ್ಟಸಿದ್ದಯ್ಯನೇ ಎತ್ತಿ ಅಪ್ಪನ ಹೆಗಲ ಮೇಲೆ ಕೂರಿಸಿದ. "ಉಘೇ ಮಾದಪ್ಪ" ಎಂದು ಎಲ್ಲರೂ ಕೂಗಿದರು. "ಅಪ್ಪ ಔಟ್" ಎಂದು ಧನ್ವಿತ್ ಕುಣಿದ.

ಡಾಂಬರು ಕಾದ ರೊಟ್ಟಿ ಹೆಂಚಾಗಿತ್ತು. ಶಿವಕುಮಾರಸ್ವಾಮಿ ಒಂದು ಕಾಲು ಇಟ್ಟು ಒಂದು ಕಾಲು ಎತ್ತುತ್ತ ನಡೆದ. ಕಲ್ಲು ಚುಚ್ಚಿದಾಗಲೆಲ್ಲ ಅವನ ಬಾಯಿಂದ ಹೊರಟ ನರಳಾಟವನ್ನು ಹಿಂದಿನವರು ಭಕ್ತಿಯೆಂದು ತಿಳಿದು ಮತ್ತೊಂದು ಉಘೇ ಸೇರಿಸುತ್ತಿದ್ದರು. ತಿರುವು ಕಂಡಾಗ ಅವನಿಗೆ ಜೀವ ಬಂದಂತಾಯಿತು. ಅದರಾಚೆ ಮಗಳನ್ನು ಇಳಿಸಿ ಯಾವುದಾದರೂ ಬಸ್ಸಿಗೆ ಕೈ ಅಡ್ಡ ಹಿಡಿಯುವ ಆಸೆ. ತಲೆ ತಿರುಗಿಸದೆ ಹೆಂಡತಿಯನ್ನು ಕೇಳಿದ.

"ಇನ್ನೂ ನೋಡ್ತಾ ಇದಾರೇನೇ?"

"ನೋಡೋದೇನು ಬಂತು, ಜೊತೇಲೇ ಬರ್ತಾ ಇದಾರೆ. ಅವರೂ ಬೆಟ್ಟಕ್ಕೇ ಅಲ್ವಾ ಹೊರಟಿರೋದು."

ಹೆಗಲ ಮೇಲಿದ್ದ ಇಂಚರ ಯಾರೋ ಕೊಟ್ಟ ಬಾಳೆಹಣ್ಣು ಮುಗಿಸಿ, ಅಂಟು ಕೈಯನ್ನು ಅಪ್ಪನ ಕೂದಲಿಗೆ ಒರೆಸಿ, ಅವನ ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪಾ, ಮುಂದಿನ್ ವಾರಾನೂ ದೇವ್ರಿಗೇ ನಡೆಯೋಣ. ಆರೋಗ್ಯಕ್ಕೆ ಬೇಡ."